ಸಿಂದಬಾದನ ಸಂಪತ್ತು ಮತ್ತು ಮರಳಿ ಬಾರದ ಹಡಗುಗಳು

ಸಿಂದಬಾದ್ ಎಂಬ ಹೆಸರನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಮಕ್ಕಳ ಪುಸ್ತಕಗಳಲ್ಲಿ, ಶಾಲಾ ವಾಚನಾಲಯದ ಅರೇಬಿಯನ್ ನೈಟ್ಸ್ ಸಂಕಲನಗಳಲ್ಲಿ, 1990ರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ‘ಅಲಿಫ್ ಲೈಲಾ’ ಧಾರಾವಾಹಿಯಲ್ಲಿ ಅವನು ನಮಗೆಲ್ಲ ಪರಿಚಿತನಾದನು. ದ್ವೀಪವೆಂದು ಭ್ರಮೆ ಹುಟ್ಟಿಸಿದ ದೈತ್ಯ ಮೀನು, ಆನೆಯನ್ನು ಎತ್ತಿಕೊಂಡು ಹಾರುವ ರುಖ್ ಪಕ್ಷಿ, ವಜ್ರಗಳ ಕಣಿವೆ, ಹೆಗಲೇರಿ ಇಳಿಯದ ಮುದುಕ – ಕಥೆ ಕೇಳಿದ ಮಗು ಇವನ್ನು ಮರೆಯುವುದಿಲ್ಲ. ಆದರೆ ಈ ಏಳು ಯಾನಗಳ ವೃತ್ತಾಂತವು ಸಮುದ್ರದ ಮೇಲೆ ಆರಂಭವಾಗುವುದಿಲ್ಲ. ಬಗ್ದಾದ್ ನಗರದ ಒಂದು ಬೀದಿಯಲ್ಲಿ, ತಲೆಯ ಮೇಲೆ ಹೊರೆ ಹೊತ್ತು ಬೆವರುತ್ತಿದ್ದ ಒಬ್ಬ ಬಡವನಿಂದ ಅದು ಆರಂಭವಾಗುತ್ತದೆ. ಈ ಬಡವನು ಹೆಚ್ಚಿನವರ ನೆನಪಿನಿಂದ ಜಾರಿಹೋಗಿದ್ದಾನೆ. ಅವನನ್ನು ಮತ್ತೆ ಮುಂದೆ ಕೂರಿಸಿಕೊಂಡು ಈ ಕಥೆಯನ್ನೂ, ಅದರ ಹಿಂದಿರುವ ಇತಿಹಾಸವನ್ನೂ ಓದಿದರೆ ನಮ್ಮ ಕಾಲಕ್ಕೂ ನಮ್ಮ ಮನೆಗಳಿಗೂ ಸಂಬಂಧಿಸಿದ ಕೆಲವು ಪ್ರಶ್ನೆಗಳು ಎದುರಾಗುತ್ತವೆ.

ಹಮಾಲಿಯ ದೂರು

ಕಥೆ ನಡೆಯುವುದು ಖಲೀಫಾ ಹಾರೂನ್ ರಶೀದರ ಆಳ್ವಿಕೆಯಲ್ಲಿ, ಅಂದರೆ ಕ್ರಿ.ಶ. 786ರಿಂದ 809ರ ನಡುವೆ. ಬಿರುಬಿಸಿಲಿನ ಒಂದು ದಿನ ಭಾರ ಹೊತ್ತು ದಣಿದ ಕೂಲಿಯೊಬ್ಬನು ದೊಡ್ಡ ವರ್ತಕನ ಮನೆಯ ಬಾಗಿಲ ಬಳಿಯ ಕಟ್ಟೆಯ ಮೇಲೆ ಹೊರೆಯನ್ನಿಳಿಸಿ ಕೂರುತ್ತಾನೆ. ಒಳಗಿನಿಂದ ತಂಗಾಳಿ, ಸುಗಂಧ, ಸಂಗೀತ, ಅಡುಗೆಯ ಪರಿಮಳ ಹೊರಬರುತ್ತವೆ. ಒಬ್ಬನಿಗೆ ನೆರಳು ಮತ್ತು ಭೋಗ, ತನಗೆ ಬಿಸಿಲು ಮತ್ತು ಭಾರ. ಈ ಹಂಚಿಕೆಯ ಮರ್ಮವೇನೆಂದು ಅವನು ತನ್ನಷ್ಟಕ್ಕೆ ಪದ್ಯ ಕಟ್ಟಿ ಹಾಡಿಕೊಳ್ಳುತ್ತಾನೆ. ಅದನ್ನು ಕೇಳಿದ ಮನೆಯೊಡೆಯನು ಅವನನ್ನು ಒಳಗೆ ಕರೆಸಿ, ಪಕ್ಕದಲ್ಲಿ ಕೂರಿಸಿ, ಉಣಬಡಿಸಿ, ಹೆಸರು ಕೇಳುತ್ತಾನೆ. ಇಬ್ಬರ ಹೆಸರೂ ಒಂದೇ. ಒಬ್ಬನು ಸಿಂದಬಾದ್ ಅಲ್ ಬಹ್ರಿ, ಸಮುದ್ರದವನು. ಇನ್ನೊಬ್ಬನು ಸಿಂದಬಾದ್ ಅಲ್ ಹಮ್ಮಾಲ್, ಹೊರೆ ಹೊರುವವನು.

ಹಮ್ಮಾಲ್ ಎಂಬ ಈ ಅರಬಿ ಪದವು ಕನ್ನಡಕ್ಕೆ ಹೊಸದಲ್ಲ. ನಮ್ಮ ಕೃಷಿ ಮಾರುಕಟ್ಟೆಯ ಅಂಗಳಗಳಲ್ಲಿ, ಬಂದರಿನ ದಕ್ಕೆಗಳಲ್ಲಿ ಮೂಟೆ ಹೊರುವವರನ್ನು ನಾವು ಇಂದಿಗೂ ಹಮಾಲಿ ಎಂದೇ ಕರೆಯುತ್ತೇವೆ. ಮಾಲು, ದಲಾಲಿ, ಖಲಾಸಿ ಮುಂತಾದ ಪದಗಳೂ ವ್ಯಾಪಾರದ ಜೊತೆಯಲ್ಲೇ ನಮ್ಮ ಭಾಷೆಗೆ ಬಂದು ನೆಲೆಸಿದವು.

ಮನೆಯೊಡೆಯನು ಹಮಾಲಿಯ ಮೇಲೆ ಕೋಪಿಸಿಕೊಳ್ಳಲಿಲ್ಲ. ಆ ಪದ್ಯವನ್ನು ಇನ್ನೊಮ್ಮೆ ಹಾಡಿಸಿ ಕೇಳಿದನು. ಈ ಸಂಪತ್ತು ತನಗೆ ಸುಮ್ಮನೆ ಒದಗಿದ್ದಲ್ಲ, ಏಳು ಯಾನಗಳ ಸಂಕಷ್ಟವನ್ನು ದಾಟಿ ಬಂದದ್ದು ಎಂದು ಹೇಳಿ, ದಿನಕ್ಕೊಂದರಂತೆ ಆ ಯಾನಗಳನ್ನು ವಿವರಿಸತೊಡಗಿದನು. ಕಥೆ ಮುಗಿಸಿ ಬೀಳ್ಕೊಡುವಾಗ ಹಮಾಲಿಗೆ ನೂರು ಮಿಸ್ಖಾಲ್ ಚಿನ್ನವನ್ನು ಕೊಡಿಸುತ್ತಿದ್ದನು.

ಹೀಗೆ, ಸಿಂದಬಾದನ ಕಥೆಯೆಂಬುದು ಬಡವನೊಬ್ಬನ ದೂರಿಗೆ ಶ್ರೀಮಂತನೊಬ್ಬನು ಕೊಟ್ಟ ಉತ್ತರ. ಆ ಉತ್ತರವು ಪೂರ್ಣವೇ? ಕಷ್ಟಪಟ್ಟವನೇ ಶ್ರೀಮಂತನಾಗುತ್ತಾನೆ ಎಂಬುದು ಅದರ ಸಾರವಾದರೆ, ದಿನವಿಡೀ ಮೂಟೆ ಹೊರುವವನು ಪಡುವುದು ಕಷ್ಟವಲ್ಲವೇ? ಇದಕ್ಕೆ ಉತ್ತರ ಹುಡುಕಲು ಆ ಕಾಲದ ಸಮುದ್ರವನ್ನು ನಾವು ನೋಡಬೇಕು.

ಕಥೆಯ ಹಿಂದಿನ ಕಡಲು

ಸಿಂದಬಾದನ ಯಾನಗಳು ಮೂಲತಃ ‘ಅಲ್ಫ್ ಲೈಲಾ ವ ಲೈಲಾ’ದಿಂದ ಪ್ರತ್ಯೇಕವಾಗಿದ್ದ ಕೃತಿ. ಫ್ರೆಂಚ್ ವಿದ್ವಾಂಸ ಆಂತ್ವಾನ್ ಗಲಾಂ ಮೊದಲು ಈ ಕಥೆಯನ್ನು ಅನುವಾದಿಸಿ, ಆ ಬಳಿಕ 1704ರಿಂದ ಪ್ರಕಟಿಸತೊಡಗಿದ ತನ್ನ ‘ಸಾವಿರದ ಒಂದು ರಾತ್ರಿಗಳು’ ಸಂಪುಟಗಳಲ್ಲಿ ಸೇರಿಸಿದನು. ಕಥೆಯನ್ನು ಕಟ್ಟಿದವರು ಯಾರೆಂದು ಯಾವ ಪ್ರತಿಯೂ ಹೇಳುವುದಿಲ್ಲ. ಆದರೆ ಅವರು ಯಾವ ಲೋಕದವರು ಎಂಬುದು ಸ್ಪಷ್ಟ. ಅದು ಬಸ್ರಾ, ಉಬುಲ್ಲಾ, ಸೀರಾಫ್, ಸುಹಾರ್, ಮಸ್ಕತ್ ಬಂದರುಗಳ ಲೋಕ.

ಬಸ್ರಾ ನಗರವು ಖಲೀಫಾ ಉಮರ್(ರ)ರ ಕಾಲದಲ್ಲಿ ಸೈನಿಕ ನೆಲೆಯಾಗಿ ಸ್ಥಾಪನೆಗೊಂಡಿತು. 762ರಲ್ಲಿ ಖಲೀಫಾ ಮನ್ಸೂರ್ ಟೈಗ್ರಿಸ್ ತೀರದಲ್ಲಿ ಬಗ್ದಾದನ್ನು ಕಟ್ಟಿಸಿದ ಮೇಲೆ ರಾಜಧಾನಿಯ ಬೇಡಿಕೆಯೆಲ್ಲ ನದಿಯ ಮೂಲಕ ಬಸ್ರಾಕ್ಕೆ, ಅಲ್ಲಿಂದ ಸಮುದ್ರಕ್ಕೆ ತಲುಪಿತು. ಕರಿಮೆಣಸು, ಕರ್ಪೂರ, ಗಂಧ, ತೇಗ, ದಂತ, ರೇಷ್ಮೆ, ಪಿಂಗಾಣಿ – ಇವೆಲ್ಲ ಹಡಗಿನಲ್ಲೇ ಬರಬೇಕಿತ್ತು. ಪರ್ಷಿಯಾದ ತೀರದಲ್ಲಿದ್ದ ಸೀರಾಫ್ ಬಂದರು ಈ ವ್ಯಾಪಾರದಿಂದಲೇ ಬೆಳೆಯಿತು. ಒಣ ಬೆಟ್ಟಗಳ ಬುಡದಲ್ಲಿದ್ದ ಆ ಊರಿನಲ್ಲಿ ಹಲವು ಅಂತಸ್ತಿನ ಮನೆಗಳೆದ್ದವು. ಮರವೆಲ್ಲ ಹೊರಗಿನಿಂದ ಬಂದದ್ದು. ಒಬ್ಬ ಸೀರಾಫಿ ವರ್ತಕನು ಸುಮಾರು ನಲವತ್ತು ವರ್ಷ ಹಡಗಿನಿಂದ ಇಳಿಯಲೇ ಇಲ್ಲ, ಹಡಗು ದುರಸ್ತಿಗೆ ಬಂದರೆ ಇನ್ನೊಂದು ಹಡಗಿಗೆ ದಾಟಿಕೊಳ್ಳುತ್ತಿದ್ದನು ಎಂದು ಭೂಗೋಳಶಾಸ್ತ್ರಜ್ಞ ಇಸ್ತಖ್ರಿ ದಾಖಲಿಸಿದ್ದಾರೆ.

ಆ ಹಡಗುಗಳಲ್ಲಿ ಕಬ್ಬಿಣದ ಮೊಳೆ ಇರಲಿಲ್ಲ. ಹಲಗೆಗಳ ಅಂಚಿನಲ್ಲಿ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಬಟ್ಟೆ ಹೊಲಿದಂತೆ ಹೊಲಿಯುತ್ತಿದ್ದರು. ನೀರು ಸೋರದಂತೆ ಮೀನಿನ ಎಣ್ಣೆಯನ್ನು ಬಳಿಯುತ್ತಿದ್ದರು. ಗಾಳಿಯನ್ನು ಕಾದು ಹೊರಡಬೇಕು, ಗಾಳಿ ತಿರುಗಿದಾಗ ಮರಳಬೇಕು. ಋತು ಎಂಬರ್ಥದ ಅರಬಿಯ ‘ಮೌಸಿಮ್’ ಪದವೇ ಯುರೋಪಿನ ಭಾಷೆಗಳಲ್ಲಿ ಮಾನ್ಸೂನ್ ಆಯಿತು. 851ರಲ್ಲಿ ರಚಿತವಾದ ‘ಅಖ್ಬಾರುಸ್ಸೀನ್ ವಲ್ ಹಿಂದ್’ ಎಂಬ ಕೃತಿಯು ಸೀರಾಫಿನಿಂದ ಮಸ್ಕತ್, ಅಲ್ಲಿಂದ ಒಂದು ತಿಂಗಳ ಯಾನದಲ್ಲಿ ಮಲಬಾರಿನ ಕೊಲ್ಲಂ, ಬಳಿಕ ನಿಕೋಬಾರ್ ದ್ವೀಪಗಳನ್ನೂ ಮಲಯದ ತೀರವನ್ನೂ ದಾಟಿ ಚೀನಾದ ಖಾನ್‌ಫು, ಅಂದರೆ ಇಂದಿನ ಗ್ವಾಂಗ್‌ಝೌವರೆಗಿನ ದಾರಿಯನ್ನು ವಿವರಿಸುತ್ತದೆ. ಅಲ್ಲಿ ಮುಸ್ಲಿಮರ ವ್ಯಾಜ್ಯಗಳನ್ನು ತೀರ್ಮಾನಿಸಲು ಚೀನಾದ ಅರಸನೇ ಒಬ್ಬ ಮುಸ್ಲಿಮನನ್ನು ನೇಮಿಸಿದ್ದನೆಂದೂ ಅದು ತಿಳಿಸುತ್ತದೆ. ಸಿಂದಬಾದನ ಕಥೆಯಲ್ಲಿ ಬರುವ ಸರಂದೀಪ್ ಎಂದರೆ ಶ್ರೀಲಂಕಾ. ಮಿಹ್ರಾಜ್ ಎಂಬ ಅರಸನ ಹೆಸರಲ್ಲಿ ನಮ್ಮ ಮಹಾರಾಜ ಪದವೇ ಅಡಗಿದೆ. ಕಥೆಗಾರನು ರುಖ್ ಪಕ್ಷಿಯನ್ನು ಕಲ್ಪಿಸಿರಬಹುದು. ಬಂದರುಗಳನ್ನೂ ಸರಕುಗಳನ್ನೂ ಅವನು ಕಲ್ಪಿಸಬೇಕಾಗಿರಲಿಲ್ಲ.

ಬಂಡವಾಳವಿಲ್ಲದವನು ಹಡಗೇರಿದ ಬಗೆ

ಸಿಂದಬಾದ್ ಹುಟ್ಟು ಬಡವನಲ್ಲ. ತಂದೆಯ ಆಸ್ತಿಯನ್ನು ದುಂದುವೆಚ್ಚದಿಂದ ಕಳೆದು, ಉಳಿದುದನ್ನು ಮೂರು ಸಾವಿರ ದಿರ್ಹಮಿಗೆ ಮಾರಿ, ಸರಕು ಕೊಂಡು ಹೊರಟವನು. ಹಾಗಾದರೆ ಕೈಯಲ್ಲಿ ಏನೂ ಇಲ್ಲದವರಿಗೆ ಸಮುದ್ರದಲ್ಲಿ ದಾರಿ ಇತ್ತೇ?

ಇತ್ತು. 10ನೇ ಶತಮಾನದಲ್ಲಿ ಬುಝುರ್ಗ್ ಇಬ್ನ್ ಶಹರಿಯಾರ್ ಎಂಬ ನಾಖುದಾ, ಅಂದರೆ ಹಡಗಿನ ಯಜಮಾನ, ತನ್ನ ಸಹ ನಾವಿಕರಿಂದ ಕೇಳಿದ ವೃತ್ತಾಂತಗಳನ್ನು ‘ಅಜಾಇಬುಲ್ ಹಿಂದ್’ ಎಂಬ ಗ್ರಂಥದಲ್ಲಿ ಸಂಗ್ರಹಿಸಿದನು. ಅದರಲ್ಲಿ ಬರುವ ಅಬ್ಹರಾ ಎಂಬ ನಾಖುದಾ ಮೊದಲು ಕಿರ್ಮಾನಿನಲ್ಲಿ ಕುರಿ ಕಾಯುತ್ತಿದ್ದವನು. ಅಲ್ಲಿಂದ ಮೀನುಗಾರನಾದನು, ಹಿಂದೂಸ್ತಾನಕ್ಕೆ ಹೋಗುವ ಹಡಗಿನಲ್ಲಿ ನಾವಿಕನಾದನು, ಚೀನಾ ಹಡಗಿಗೆ ಸೇರಿದನು, ಕೊನೆಗೆ ನಾಖುದಾ ಆಗಿ ಏಳು ಬಾರಿ ಚೀನಾ ಯಾನ ಮಾಡಿದನು. ಸಿಂದಬಾದನ ಏಳು ಯಾನಗಳಿಗೂ ಈ ಏಳಕ್ಕೂ ಇರುವ ಹೋಲಿಕೆಯನ್ನು ಅನೇಕರು ಗಮನಿಸಿದ್ದಾರೆ.

ಅಬ್ಹರಾನ ಒಂದು ಪ್ರಸಂಗ ಮನನೀಯ. ಚೀನಾದ ಸಮೀಪ ಸೀರಾಫಿನ ಹಡಗೊಂದಕ್ಕೆ ನಡುಗಡಲಲ್ಲಿ ಒಂದು ಕಿರುದೋಣಿ ಎದುರಾಯಿತು. ಅದರಲ್ಲಿ ನೀರಿನ ಚರ್ಮದ ಚೀಲದೊಡನೆ ಒಬ್ಬನೇ ಕುಳಿತಿದ್ದವನು ಅಬ್ಹರಾ. ಹಡಗಿನವರು ಮೇಲೆ ಬಾ ಎಂದರೆ ಅವನು ಒಪ್ಪಲಿಲ್ಲ. ತನ್ನ ಆಜ್ಞೆಯಂತೆ ನಡೆಯಬೇಕು, ಸಾವಿರ ದೀನಾರ್ ಬೆಲೆಯ ಸರಕು ಕೊಡಬೇಕು ಎಂಬ ಷರತ್ತಿಟ್ಟನು. ಒಪ್ಪಿದ ಮೇಲೆ ಹೊರಭಾರದ ಸರಕುಗಳನ್ನು ಕಡಲಿಗೆಸೆಯಿಸಿ, ದೊಡ್ಡ ಕೂವೆಮರವನ್ನು ಕಡಿಸಿದನು. ಸ್ವಲ್ಪ ದಿನಗಳಲ್ಲೇ ಭೀಕರ ಬಿರುಗಾಳಿ ಎದ್ದಿತು. ಹಗುರಾಗಿದ್ದ ಆ ಹಡಗು ಉಳಿಯಿತು. ಕುರಿ ಕಾಯುತ್ತಿದ್ದವನ ಕೈಯಲ್ಲಿದ್ದ ಬಂಡವಾಳ ಅವನ ಅರಿವು ಮಾತ್ರ. ಆ ಅರಿವಿಗೆ ವರ್ತಕರು ತಲೆಬಾಗಿದರು.

ಅರಿವಿದ್ದವನಿಗೂ ಹಣವಿದ್ದವನಿಗೂ ನಡುವೆ ಸೇತುವೆಯಾದದ್ದು ಮುದಾರಬಾ ಎಂಬ ಒಪ್ಪಂದ. ಒಬ್ಬನದು ಹಣ, ಇನ್ನೊಬ್ಬನದು ದುಡಿಮೆ; ಲಾಭವನ್ನು ಮೊದಲೇ ನಿಶ್ಚಯಿಸಿದ ಪಾಲಿನಂತೆ ಹಂಚಿಕೊಳ್ಳುವುದು; ದುಡಿಯುವವನ ತಪ್ಪಿಲ್ಲದೆ ನಷ್ಟವಾದರೆ ಹಣದ ನಷ್ಟ ಹಣ ಹಾಕಿದವನಿಗೆ, ಶ್ರಮದ ನಷ್ಟ ಶ್ರಮಿಸಿದವನಿಗೆ. ಪ್ರವಾದಿ(ಸ)ರು ನುಬುವ್ವತ್ತಿಗೆ ಮುಂಚೆ ಖದೀಜಾ(ರ)ರ ಬಂಡವಾಳದೊಂದಿಗೆ ವ್ಯಾಪಾರಕ್ಕೆ ಹೋದದ್ದನ್ನು ನಮ್ಮ ಮಕ್ಕಳೆಲ್ಲ ಓದಿರುತ್ತಾರೆ. ಹಣವುಳ್ಳವನಿಗೆ ವ್ಯಾಪಾರದ ಜಾಣ್ಮೆ ಇರದಿರಬಹುದು, ಜಾಣ್ಮೆಯುಳ್ಳವನಿಗೆ ಹಣ ಇರದಿರಬಹುದು, ಆದ್ದರಿಂದ ಜನರಿಗೆ ಈ ಒಪ್ಪಂದದ ಅಗತ್ಯವಿದೆ ಎಂದು ‘ಹಿದಾಯಾ’ದಂತಹ ಫಿಕ್ಹ್ ಗ್ರಂಥಗಳು ಕಾರಣ ಕೊಡುತ್ತವೆ. ಹಡಗು ಮುಳುಗಿದಾಗ ಬದುಕಿ ಬಂದ ಬಡ ವ್ಯಾಪಾರಿಯ ಕೊರಳಿಗೆ ಸಾಲದ ಕುಣಿಕೆ ಬೀಳದಂತೆ ತಡೆದದ್ದು ಇದೇ ನಿಯಮ.

ಸಮುದ್ರದಲ್ಲಿ ದುಡಿಯುವ ಬಡವರ ಬಗ್ಗೆ ಕುರ್‌ಆನ್ ಮಾತನಾಡಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು. ಸೂರಃ ಅಲ್ ಕಹಫ್‌ನ 79ನೇ ಸೂಕ್ತದಲ್ಲಿ ಖಿಝ್ರ್(ಅ)ರು ಹಡಗಿಗೆ ಊನ ಮಾಡಿದ ಕಾರಣ ಬರುತ್ತದೆ. ಆ ಹಡಗು ಕಡಲಲ್ಲಿ ದುಡಿಯುತ್ತಿದ್ದ ಮಿಸ್ಕೀನರದ್ದು. ಹಡಗುಗಳನ್ನು ಬಲವಂತದಿಂದ ಕಸಿಯುವ ಒಬ್ಬ ಅರಸನು ಮುಂದಿದ್ದನು. ಹಡಗಿನ ಒಡೆಯರನ್ನು ಮಿಸ್ಕೀನರೆಂದು ಕರೆಯಬಹುದೇ ಎಂದು ವಿದ್ವಾಂಸರು ಚರ್ಚಿಸಿದ್ದಾರೆ. ಸ್ವಲ್ಪ ಆಸ್ತಿ ಇದ್ದರೂ ಅದು ಜೀವನಕ್ಕೆ ಸಾಲದವನು ಮಿಸ್ಕೀನ್ ಎಂಬ ಶಾಫಿಈ ನಿಲುವಿಗೆ ಈ ಸೂಕ್ತವೇ ಆಧಾರ. ಸಾಲ ಮಾಡಿ ದೋಣಿ ಕೊಂಡ ನಮ್ಮ ಕರಾವಳಿಯ ಮೀನುಗಾರ ಕುಟುಂಬಗಳನ್ನು ಕಂಡವರಿಗೆ ಈ ಚರ್ಚೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಕಥೆಯನ್ನು ಕಾಪಾಡಿದ ಅಮಾನತ್

ಸಿಂದಬಾದನು ತನ್ನ ಸಂಪತ್ತಿಗೆ ಕಾರಣವಾಗಿ ಸಂಕಷ್ಟಗಳನ್ನು ಹೇಳುತ್ತಾನೆ. ಆದರೆ ಕಥೆಯನ್ನು ಎಚ್ಚರದಿಂದ ಓದಿದರೆ ಅವನು ಒತ್ತಿ ಹೇಳದ ಇನ್ನೊಂದು ಕಾರಣವೂ ಕಾಣುತ್ತದೆ.

ಮೊದಲ ಯಾನದಲ್ಲಿ ದೈತ್ಯ ಮೀನು ಮುಳುಗಿದಾಗ ಸಿಂದಬಾದನು ಒಂದು ಮರದ ತೊಟ್ಟಿಯನ್ನು ಹಿಡಿದು ಬದುಕುತ್ತಾನೆ. ದೂರದ ರಾಜ್ಯವೊಂದನ್ನು ಸೇರಿ ಅಲ್ಲಿನ ಬಂದರಿನಲ್ಲಿ ಹಡಗುಗಳ ಲೆಕ್ಕ ಬರೆಯುವ ಕೆಲಸಕ್ಕೆ ನಿಲ್ಲುತ್ತಾನೆ. ಒಂದು ದಿನ ಅವನದೇ ಹಡಗು ಅಲ್ಲಿಗೆ ಬರುತ್ತದೆ. ಅದರಲ್ಲಿ ಇನ್ನೇನು ಸರಕು ಉಳಿದಿದೆ ಎಂದು ಕೇಳಿದಾಗ, ಸಿಂದಬಾದ್ ಎಂಬ ವ್ಯಾಪಾರಿ ಮುಳುಗಿ ಸತ್ತನು, ಅವನ ಮೂಟೆಗಳು ನಮ್ಮಲ್ಲಿವೆ, ಮಾರಿ ಬಂದ ಹಣವನ್ನು ಬಗ್ದಾದಿನಲ್ಲಿರುವ ಅವನ ಮನೆಯವರಿಗೆ ತಲುಪಿಸುತ್ತೇವೆ ಎಂದು ನಾಖುದಾ ಉತ್ತರಿಸುತ್ತಾನೆ. ಮೂರನೆಯ ಯಾನದಲ್ಲೂ ಇದೇ ನಡೆಯುತ್ತದೆ. ಎರಡನೆಯ ಯಾನದಲ್ಲಿ ಅವನನ್ನು ದ್ವೀಪದಲ್ಲಿ ಮರೆತು ಹೋದ ಹಡಗಿನವರು ಅವನ ಸರಕನ್ನು ಹಾಗೆಯೇ ಕಾದಿರಿಸಿರುತ್ತಾರೆ. ಐದನೆಯ ಯಾನದಲ್ಲಿ ಎಲ್ಲವನ್ನೂ ಕಳೆದುಕೊಂಡು ಅಪರಿಚಿತ ಊರಿಗೆ ಬಂದವನ ಕೈಗೆ ಅಲ್ಲಿನವನೊಬ್ಬನು ಕಲ್ಲುಗಳ ಚೀಲವನ್ನಿತ್ತು, ತೆಂಗಿನಕಾಯಿ ಸಂಗ್ರಹಿಸುವವರ ಗುಂಪಿಗೆ ಸೇರಿಸಿ, ಇವನು ಪರದೇಶಿ, ಕೆಲಸ ಕಲಿಸಿಕೊಡಿ ಎಂದು ಒಪ್ಪಿಸುತ್ತಾನೆ.

ಈ ಹೆಸರಿಲ್ಲದವರು ಪ್ರಾಮಾಣಿಕರಾಗಿರದಿದ್ದರೆ ಸಿಂದಬಾದನು ಮೊದಲ ಬಂದರಿನಲ್ಲೇ ಗುಮಾಸ್ತನಾಗಿ ಕೊನೆಯುಸಿರೆಳೆಯುತ್ತಿದ್ದನು. ಅವನ ಭಾಗ್ಯ ನಿಂತದ್ದು ಅಪರಿಚಿತರ ಅಮಾನತ್ತಿನ ಮೇಲೆ. ಬುಖಾರಿಯಲ್ಲಿ ವರದಿಯಾಗಿರುವ ಹದೀಸೊಂದು ಇಲ್ಲಿ ತಾನಾಗಿ ನೆನಪಾಗುತ್ತದೆ. ಬನೀ ಇಸ್ರಾಈಲರ ಒಬ್ಬನು ಅಲ್ಲಾಹನನ್ನೇ ಸಾಕ್ಷಿಯಾಗಿಯೂ ಜಾಮೀನಾಗಿಯೂ ಇಟ್ಟು ಸಾವಿರ ದೀನಾರ್ ಸಾಲ ಪಡೆದು ಕಡಲಾಚೆ ಹೋದನು. ವಾಯಿದೆಯ ದಿನ ಮರಳಲು ಹಡಗು ಸಿಗದಾದಾಗ, ಮರದ ತುಂಡೊಂದನ್ನು ಕೊರೆದು ಹಣವನ್ನೂ ಪತ್ರವನ್ನೂ ಅದರೊಳಗಿಟ್ಟು ಸಮುದ್ರಕ್ಕೆ ಬಿಟ್ಟನು. ಸಾಲ ಕೊಟ್ಟವನು ಸೌದೆಗೆಂದು ಆ ಮರವನ್ನು ಮನೆಗೊಯ್ದು ಸೀಳಿದಾಗ ಹಣ ಸಿಕ್ಕಿತು. ಬಳಿಕ ಸಾಲಗಾರನು ಇನ್ನೊಂದು ಸಾವಿರದೊಡನೆ ಖುದ್ದಾಗಿ ಬಂದಾಗ, ನೀನು ಕಳುಹಿಸಿದ್ದು ತಲುಪಿದೆ ಎಂದು ಹೇಳಿ ಅವನನ್ನು ಹಿಂದಕ್ಕೆ ಕಳುಹಿಸಿದನು. ಕೊಡಬೇಕಾದವನಂತೆಯೇ ಪಡೆಯಬೇಕಾದವನೂ ಇಲ್ಲಿ ಪರೀಕ್ಷೆಯಲ್ಲಿ ಗೆದ್ದನು.

ಹೇಳಲು ಹಿಂಜರಿಯುವ ಭಾಗ

ಮಕ್ಕಳ ಪುಸ್ತಕಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಘಟನೆ ನಾಲ್ಕನೆಯ ಯಾನದಲ್ಲಿದೆ. ಗಂಡ ಹೆಂಡಿರಲ್ಲಿ ಒಬ್ಬರು ಸತ್ತರೆ ಬದುಕಿರುವವರನ್ನೂ ಶವದೊಡನೆ ಗುಹೆಗೆ ಇಳಿಸುವ ನಾಡಿನಲ್ಲಿ ಸಿಂದಬಾದನು ಸಿಲುಕುತ್ತಾನೆ. ಗುಹೆಯೊಳಗೆ, ಅನಂತರ ಇಳಿಸಲ್ಪಟ್ಟ ನಿರಪರಾಧಿಗಳನ್ನು ಎಲುಬಿನಿಂದ ಹೊಡೆದು ಕೊಂದು, ಅವರ ಪಾಲಿನ ರೊಟ್ಟಿ ನೀರಿನಿಂದ ಬದುಕುತ್ತಾನೆ. ಹೊರಬರುವಾಗ ಸತ್ತವರ ಆಭರಣಗಳನ್ನೂ ಮೂಟೆ ಕಟ್ಟುತ್ತಾನೆ. ಔತಣದ ಸಭೆಯಲ್ಲಿ ಇದನ್ನು ಅವನು ನಿರಾಳವಾಗಿ ಹೇಳಿಕೊಳ್ಳುತ್ತಾನೆ. ಯಾರೂ ಪ್ರಶ್ನಿಸುವುದಿಲ್ಲ.

ಇದು ಕಥೆ ಎಂದು ಬದಿಗಿಡಬಹುದು. ಆದರೆ ಆ ಕಡಲ ಇತಿಹಾಸದಲ್ಲೂ ಇಂತಹ ಪುಟಗಳಿವೆ. ‘ಅಜಾಇಬುಲ್ ಹಿಂದ್’ನ ಒಂದು ವೃತ್ತಾಂತದಂತೆ, ಹಿಜರಿ 310ರಲ್ಲಿ ಉಮಾನಿನ ಹಡಗೊಂದು ಗಾಳಿಗೆ ಸಿಕ್ಕಿ ಪೂರ್ವ ಆಫ್ರಿಕಾದ ತೀರವನ್ನು ತಲುಪಿತು. ಅಲ್ಲಿನ ಅರಸನು ವರ್ತಕರನ್ನು ಆದರಿಸಿ, ಸುಂಕವಿಲ್ಲದೆ ವ್ಯಾಪಾರ ಮಾಡಗೊಟ್ಟನು. ಬೀಳ್ಕೊಡಲು ಸಂಗಡಿಗರೊಡನೆ ಹಡಗಿಗೇ ಬಂದನು. ಇವನನ್ನು ಉಮಾನಿನ ಸಂತೆಯಲ್ಲಿ ಮಾರಿದರೆ ಮೂವತ್ತು ದೀನಾರ್ ಬಂದೀತು ಎಂದು ನಾಖುದಾ ಲೆಕ್ಕ ಹಾಕಿದನು. ಹಾಯಿ ಎತ್ತಿದರು, ಅರಸನನ್ನು ಗುಲಾಮನನ್ನಾಗಿ ಮಾರಿದರು. ಅವನು ಬಸ್ರಾದಲ್ಲಿ ನಮಾಝ್ ಕಲಿತು, ಕುರ್‌ಆನ್ ಓದಿ, ಬಗ್ದಾದಿನಿಂದ ತಪ್ಪಿಸಿಕೊಂಡು, ಹಜ್ಜ್ ನಿರ್ವಹಿಸಿ, ಈಜಿಪ್ಟಿನ ದಾರಿಯಾಗಿ ತನ್ನ ನಾಡಿಗೆ ಮರಳಿದನು. ಕೆಲವು ವರ್ಷಗಳ ಬಳಿಕ ಅದೇ ವರ್ತಕರು ಅದೇ ತೀರಕ್ಕೆ ಬಂದು ಬಿದ್ದರು. ಭಯದಿಂದ ನಡುಗುತ್ತಿದ್ದ ಅವರನ್ನು ಅವನು ಕ್ಷಮಿಸಿದನು. ತಾನು ಇಸ್ಲಾಮನ್ನು ಅರಿಯಲು ನೀವು ನಿಮಿತ್ತರಾದಿರಿ ಎಂದನು. ಈ ವೃತ್ತಾಂತವನ್ನು ನಾವು ಕ್ಷಮೆಯ ಪಾಠವಾಗಿ ಹೇಳುವುದು ಸರಿ. ಆದರೆ ಕ್ಷಮಿಸಿದವನ ದೊಡ್ಡತನವು ಅನ್ಯಾಯ ಮಾಡಿದವರ ಪಾಪವನ್ನು ಸಣ್ಣದು ಮಾಡುವುದಿಲ್ಲ. ಕಲಿಮಾ ಹೇಳುತ್ತಿದ್ದ ನಾಲಿಗೆಯೇ ಅತಿಥೇಯನಿಗೆ ಬೆಲೆ ಕಟ್ಟಿತ್ತು.

ಬಸ್ರಾದ ಸುತ್ತಲಿನ ಉಪ್ಪು ಜೌಗುಗಳಲ್ಲಿ ದುಡಿಸಲ್ಪಟ್ಟ ಪೂರ್ವ ಆಫ್ರಿಕಾ ಮೂಲದ ಗುಲಾಮರು 869ರಲ್ಲಿ ದಂಗೆಯೆದ್ದರು. 883ರವರೆಗೆ ನಡೆದ ಆ ಸಂಘರ್ಷದಲ್ಲಿ, 871ರಂದು ಬಸ್ರಾ ನಗರವೇ ಕೊಳ್ಳೆಹೋಯಿತು. ಸಿಂದಬಾದನ ಊರಿನ ವೈಭವಕ್ಕೆ ಹೀಗೊಂದು ತಳಪಾಯವೂ ಇತ್ತು.

ನ್ಯಾಯಕ್ಕಾಗಿ ವರ್ತಕರು ಒಂದಾದ ಉದಾಹರಣೆಯೂ ಅದೇ ಗ್ರಂಥದಲ್ಲಿದೆ. ಇಸ್‌ಹಾಖ್ ಎಂಬ ಯಹೂದಿ ಇನ್ನೂರು ದೀನಾರ್ ಹಿಡಿದು ಉಮಾನಿನಿಂದ ಹೊರಟವನು. ಮೂವತ್ತು ವರ್ಷಗಳ ಬಳಿಕ, ಹಿಜರಿ 300ರಲ್ಲಿ, ಕಸ್ತೂರಿ ರೇಷ್ಮೆಗಳನ್ನು ತುಂಬಿದ ಸ್ವಂತ ಹಡಗಿನಲ್ಲಿ ಮರಳಿದನು. ಈ ಸುದ್ದಿ ಖಲೀಫಾ ಮುಖ್ತದಿರರ ಕಿವಿಗೆ ಬಿದ್ದು, ಅವನನ್ನು ಹಿಡಿದು ತರಲು ಬಗ್ದಾದಿನಿಂದ ಆಳು ಬಂದಾಗ ಉಮಾನಿನ ವರ್ತಕರು ಮಾರುಕಟ್ಟೆಯನ್ನೇ ಮುಚ್ಚಿದರು. ಇಂದು ಅವನಿಗಾದದ್ದು ನಾಳೆ ನಮಗೂ ಆಗುತ್ತದೆ, ಇಲ್ಲಿಗೆ ಹಡಗುಗಳು ಬರುವುದು ನಿಲ್ಲುತ್ತದೆ ಎಂದು ಲಿಖಿತ ದೂರು ಕೊಟ್ಟರು. ಆಳು ಬರಿಗೈಯಲ್ಲಲ್ಲದಿದ್ದರೂ ಇಸ್‌ಹಾಖನನ್ನು ಬಿಟ್ಟು ಹೋದನು. ಆದರೂ ಇಸ್‌ಹಾಖನು ಸುಖವಾಗಿ ಸಾಯಲಿಲ್ಲ. ಮತ್ತೆ ಚೀನಾಕ್ಕೆ ಹೊರಟಾಗ ಸುಮಾತ್ರಾದಲ್ಲಿ ಅಲ್ಲಿನ ಆಳರಸನು ಹಣಕ್ಕಾಗಿ ತಡೆದು, ಅವನನ್ನು ರಾತ್ರಿಯಲ್ಲಿ ಕೊಲ್ಲಿಸಿ, ಸರಕನ್ನೆಲ್ಲ ದೋಚಿದನು.

ಮರಳದವರ ಮೌನ

ಸಿಂದಬಾದನ ಏಳು ಯಾನಗಳಲ್ಲಿ ಎಷ್ಟು ಜನ ಅವನೊಡನೆ ಹೊರಟರು, ಎಷ್ಟು ಜನ ಮರಳಿದರು? ಕಥೆ ಲೆಕ್ಕ ಕೊಡುವುದಿಲ್ಲ. ಒಡನಾಡಿಗಳು ಮುಳುಗುತ್ತಾರೆ, ದೈತ್ಯನಿಗೆ ಆಹಾರವಾಗುತ್ತಾರೆ, ಆರನೆಯ ಯಾನದಲ್ಲಿ ಹಸಿವಿನಿಂದ ಒಬ್ಬೊಬ್ಬರಾಗಿ ಸಾಯುತ್ತಾರೆ. ಉಳಿದವರು ಸತ್ತವರನ್ನು ದಫನ ಮಾಡುತ್ತಾ ಹೋಗಿ, ಕೊನೆಗೆ ಸಿಂದಬಾದನೊಬ್ಬನೇ ಉಳಿಯುತ್ತಾನೆ. ಗಲಾಂ ಪಾಠದ ಏಳನೆಯ ಯಾನದಲ್ಲಿ ಅವನನ್ನು ಕಡಲ್ಗಳ್ಳರು ಗುಲಾಮನನ್ನಾಗಿ ಮಾರುತ್ತಾರೆ. ದಂತಕ್ಕಾಗಿ ಆನೆಗಳ ಬೇಟೆಗೆ ಕಳುಹಿಸಿದ ಗುಲಾಮರು ಪ್ರತಿವರ್ಷ ಸಾಯುತ್ತಿದ್ದರೆಂದು ಒಡೆಯನೇ ಹೇಳುತ್ತಾನೆ. ಆ ಗುಲಾಮರಲ್ಲಿ ಯಾರೂ ಬಗ್ದಾದಿಗೆ ಮರಳಿ ಔತಣವಿಟ್ಟು ಕಥೆ ಹೇಳಲಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. ಚೀನಾಕ್ಕೆ ಹೋಗಿ ಸುರಕ್ಷಿತವಾಗಿ ಮರಳುವುದೇ ಅಚ್ಚರಿಯೆಂದು ಬುಝುರ್ಗನ ಕಾಲದವರು ಭಾವಿಸಿದ್ದರು. ಇತಿಹಾಸಕಾರ ಮಸ್‌ಊದಿ ಹಿಜರಿ 304ರಲ್ಲಿ ಪೂರ್ವ ಆಫ್ರಿಕಾದ ಕಡೆಯಿಂದ ಉಮಾನಿಗೆ ಮರಳಿದ ಹಡಗು ಸೀರಾಫಿನ ಇಬ್ಬರು ಸಹೋದರರದ್ದು. ಅದೇ ಕಡಲಲ್ಲಿ ಆ ಸಹೋದರರು ಬಳಿಕ ಹಡಗಿನ ಸಮೇತ ಮುಳುಗಿದರೆಂದು ಅವರು ಬರೆದಿದ್ದಾರೆ.

1998ರಲ್ಲಿ ಇಂಡೋನೇಷ್ಯಾದ ಬೆಲಿಟುಂಗ್ ದ್ವೀಪದ ಬಳಿ ಹೊಟ್ಟೆಪಾಡಿಗಾಗಿ ನೀರಿಗಿಳಿದಿದ್ದ ಸ್ಥಳೀಯ ಮುಳುಗುಗಾರರಿಗೆ ಒಂದು ಹಡಗಿನ ಅವಶೇಷ ಸಿಕ್ಕಿತು. ಅದು ಮೊಳೆಯಿಲ್ಲದೆ ಹಗ್ಗದಿಂದ ಹೊಲಿದ, ಪಶ್ಚಿಮ ಹಿಂದೂ ಮಹಾಸಾಗರದ ಮಾದರಿಯ ಹಡಗು. ಚೀನಾದಿಂದ ಸುಮಾರು 60,000 ಪಿಂಗಾಣಿ ಪಾತ್ರೆಗಳನ್ನು ತುಂಬಿಕೊಂಡು ಮರಳುತ್ತಿದ್ದಾಗ ಮುಳುಗಿತ್ತು. ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸಮನಾದ ಚೀನೀ ದಿನಾಂಕವಿದೆ. ಹಾರೂನ್ ರಶೀದರು ತೀರಿಕೊಂಡು ಆಗ ಇನ್ನೂ ಎರಡು ದಶಕವೂ ತುಂಬಿರಲಿಲ್ಲ. ಆ ಬಟ್ಟಲುಗಳು ಇಂದು ಸಿಂಗಾಪುರದ ವಸ್ತುಸಂಗ್ರಹಾಲಯದಲ್ಲಿ ಹೊಳೆಯುತ್ತಿವೆ. ನಾಖುದಾನ ಹೆಸರಾಗಲಿ, ಖಲಾಸಿಗಳ ಹೆಸರಾಗಲಿ ಉಳಿದಿಲ್ಲ. ಅವರ ದಾರಿ ಕಾಯುತ್ತಿದ್ದ ಮನೆಗಳಿಗೆ ಸುದ್ದಿ ತಲುಪಿತೋ ಇಲ್ಲವೋ, ಅಲ್ಲಾಹನೇ ಬಲ್ಲ.

ಸಮುದ್ರದ ಈ ಅಪಾಯವನ್ನು ಬಲ್ಲ ಕಾರಣದಿಂದಲೇ ಖಲೀಫಾ ಉಮರ್(ರ)ರು ನೌಕಾ ದಂಡಯಾತ್ರೆಗೆ ಅನುಮತಿ ನೀಡಲಿಲ್ಲ. ಉಸ್ಮಾನ್(ರ)ರು ಅನುಮತಿಸಿದಾಗಲೂ ಯಾರನ್ನೂ ಬಲವಂತದಿಂದ ಹತ್ತಿಸಬಾರದು, ಸ್ವಇಚ್ಛೆಯಿಂದ ಬಂದವರನ್ನಷ್ಟೇ ಒಯ್ಯಬೇಕು ಎಂಬ ಷರತ್ತಿಟ್ಟರು. ಜೀವಗಳ ಲೆಕ್ಕವನ್ನು ಗೆಲುವಿನ ಲೆಕ್ಕಕ್ಕಿಂತ ಮೊದಲು ಇಟ್ಟ ಆಡಳಿತವದು.

ನಮ್ಮ ತೀರಗಳು

ಈ ಕಡಲ ದಾರಿಯಲ್ಲಿ ಕರ್ನಾಟಕದ ತೀರವೂ ಇದೆ. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿನ ಜನರ ಜೀವನಾಧಾರ ಸಮುದ್ರ ವ್ಯಾಪಾರವೇ ಎಂದು ಬರೆದರು. ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಪಾಠಶಾಲೆಗಳನ್ನು ಕಂಡು, ಅಲ್ಲಿನ ಸ್ತ್ರೀಯರು ಕುರ್‌ಆನ್ ಕಂಠಪಾಠ ಮಾಡಿದ್ದನ್ನು ಮೆಚ್ಚಿ ದಾಖಲಿಸಿದರು. ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರು ನೆಲೆಸಿದ್ದುದನ್ನೂ, ಪರ್ಷಿಯಾ ಮತ್ತು ಯೆಮನ್‌ನ ವರ್ತಕರು ಕರಿಮೆಣಸು ಶುಂಠಿಗಾಗಿ ಬರುತ್ತಿದ್ದುದನ್ನೂ ತಿಳಿಸಿದರು. ಕಡಲಿನಿಂದ ಬಂದ ಗಳಿಕೆ ಹೊನ್ನಾವರದಲ್ಲಿ ಪಾಠಶಾಲೆಗಳಾಗಿ, ಅದರಲ್ಲೂ ಹೆಣ್ಣುಮಕ್ಕಳ ಪಾಠಶಾಲೆಗಳಾಗಿ ಬದಲಾಗಿತ್ತು ಎಂಬುದು ಗಮನಾರ್ಹ. ಇದೇ ಇಬ್ನ್ ಬತೂತಾ ಕಲ್ಲಿಕೋಟೆಯಲ್ಲಿ ಜುಮಾ ನಮಾಝಿಗೆಂದು ದಡದಲ್ಲಿ ಉಳಿದಾಗ ಬಿರುಗಾಳಿ ಎದ್ದು ಅವರು ಏರಬೇಕಿದ್ದ ಹಡಗು ಒಡೆಯಿತು; ಸಾಮಾನುಗಳಿದ್ದ ಇನ್ನೊಂದು ಹಡಗು ಅವರನ್ನು ಬಿಟ್ಟು ಹೊರಟುಹೋಯಿತು. ದೆಹಲಿ ಸುಲ್ತಾನನ ರಾಯಭಾರಿಯಾಗಿದ್ದವರ ಬಳಿ ಕೊನೆಗೆ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಹಾಸು.

1980ರಲ್ಲಿ ಟಿಮ್ ಸೆವೆರಿನ್ ಎಂಬ ಸಾಹಸಿ ಸಿಂದಬಾದನ ಕಾಲದ ಮಾದರಿಯಲ್ಲೇ ಉಮಾನಿನ ಸೂರ್‌ನಲ್ಲಿ ಹಡಗು ಕಟ್ಟಿಸಿದನು. ಮರ ಹೋದದ್ದು ಮಲಬಾರಿನಿಂದ. ಹಲಗೆಗಳನ್ನು ಹಗ್ಗದಿಂದ ಹೊಲಿಯುವ ಕಸುಬನ್ನು ಬಲ್ಲವರು ಹೋದದ್ದು ಲಕ್ಷದ್ವೀಪದಿಂದ. ‘ಸುಹಾರ್’ ಎಂಬ ಆ ಹಡಗು 1981ರ ಜುಲೈಯಲ್ಲಿ ಚೀನಾವನ್ನು ತಲುಪಿತು. ಲಕ್ಷದ್ವೀಪದ ಅಮೀನಿ ದ್ವೀಪಗಳು 1956ರವರೆಗೂ ನಮ್ಮ ದಕ್ಷಿಣ ಕನ್ನಡದ ಆಡಳಿತಕ್ಕೆ ಸೇರಿದ್ದವು. ಅಲ್ಲಿನ ತೆಂಗಿನ ನಾರು ಮಂಗಳೂರಿನ ಬಂದರಿಗೆ ಬರುತ್ತಿತ್ತು. ಸಾವಿರ ವರ್ಷಗಳ ಹಿಂದಿನ ವಿದ್ಯೆಯೊಂದು ಯಾವ ಗ್ರಂಥದಲ್ಲೂ ಅಲ್ಲದೆ ಬಡ ದ್ವೀಪವಾಸಿಗಳ ಬೆರಳುಗಳಲ್ಲಿ ಉಳಿದಿತ್ತು.

1970ರ ದಶಕದ ತೈಲ ಸಮೃದ್ಧಿಯ ಬಳಿಕ ನಮ್ಮ ಕರಾವಳಿಯ ಯುವಕರು ಅದೇ ಕಡಲನ್ನು ದಾಟಿ ಅದೇ ಉಮಾನ್, ಅದೇ ಪರ್ಷಿಯನ್ ಕೊಲ್ಲಿಯ ತೀರಗಳಿಗೆ ಹೋದರು. ಹಲವು ಮನೆಗಳ ಹಂಚಿನ ಮಾಡು ತಾರಸಿಯಾಯಿತು, ಸಹೋದರಿಯರ ಮದುವೆಗಳು ನಡೆದವು, ಮಸೀದಿ ಮದ್ರಸಗಳು ಎದ್ದವು. ಇವು ಹೇಳಲ್ಪಡುವ ಕಥೆಗಳು. ಏಜೆಂಟನಿಗೆ ಕೊಟ್ಟ ಸಾಲವನ್ನು ತೀರಿಸುತ್ತಲೇ ಪ್ರಾಯ ಕಳೆದವರು, ಪಾಸ್‌ಪೋರ್ಟ್ ಯಜಮಾನನ ಕೈಯಲ್ಲಿದ್ದುದರಿಂದ ತಂದೆಯ ಜನಾಝಕ್ಕೂ ಬರಲಾಗದವರು, ಕಾಯಿಲೆಯೊಡನೆ ಬರಿಗೈಯಲ್ಲಿ ಮರಳಿದವರು, ಮರಳುಗಾಡಿನ ಖಬರಸ್ತಾನದಲ್ಲೇ ಉಳಿದವರು – ಇವರ ಕಥೆಗಳನ್ನು ಊರಿನ ಮದುವೆ ಮನೆಗಳಲ್ಲಿ ಯಾರೂ ಹೇಳುವುದಿಲ್ಲ. ಹೀಗಾಗಿ ಹೊರಡಲು ನಿಂತ ಹುಡುಗನ ಕಿವಿಗೆ ಬೀಳುವುದು ಸಿಂದಬಾದರ ಮಾತು ಮಾತ್ರ.

ಹೋಗಬಾರದೆಂದು ನಾವು ಹೇಳುತ್ತಿಲ್ಲ. ಭೂಮಿಯಲ್ಲಿ ಹರಡಿಕೊಂಡು ಅಲ್ಲಾಹನ ಅನುಗ್ರಹವನ್ನು ಅರಸುವುದು ನಮಗೆ ಕಲಿಸಲ್ಪಟ್ಟ ದಾರಿ. ಆದರೆ ಕಳುಹಿಸುವ ಮನೆಯವರು ಎರಡೂ ಬಗೆಯವರನ್ನು ವಿಚಾರಿಸಬೇಕು. ಬಡ್ಡಿ ಸಾಲದ ಹೊರೆ ಹೊರಿಸಿ ಕಳುಹಿಸುವ ಬದಲು, ಊರಿನ ಉಳ್ಳವರು ಮುದಾರಬಾದ ಪಾಲುದಾರಿಕೆಯಲ್ಲಿ ಇಲ್ಲಿಯೇ ಅವನ ಜಾಣ್ಮೆಗೆ ಬಂಡವಾಳವಾಗಬಹುದೇ ಎಂದು ಯೋಚಿಸಬೇಕು. ಹೋದವನು ಎಲ್ಲಿಯೇ ಇರಲಿ, ಆ ಹೆಸರಿಲ್ಲದ ನಾಖುದಾನಂತೆ ಇನ್ನೊಬ್ಬನ ಮೂಟೆಯನ್ನು ಕಾಯುವವನಾಗಿರಬೇಕು. ನಷ್ಟಗೊಂಡು ಮರಳಿದವನನ್ನು ಸೋತವನೆಂದು ನೋಡದೆ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು.

ಇನ್ನು ಹಮಾಲಿಯ ದೂರಿಗೆ ಬರೋಣ. ಝಕಾತಿನ ನಿಸಾಬಿನಲ್ಲಿ ಇಪ್ಪತ್ತು ಮಿಸ್ಖಾಲ್ ಚಿನ್ನವೂ ಇನ್ನೂರು ದಿರ್ಹಮ್ ಬೆಳ್ಳಿಯೂ ಸಮ. ಆ ಲೆಕ್ಕದಂತೆ ಒಂದು ಮಿಸ್ಖಾಲಿಗೆ ಹತ್ತು ದಿರ್ಹಮ್. ಆರು ದಿನಗಳ ಉಡುಗೊರೆಯನ್ನಷ್ಟೇ ಎಣಿಸಿದರೂ ಹಮಾಲಿಗೆ ದೊರೆತದ್ದು 600 ಮಿಸ್ಖಾಲ್, ಅಂದರೆ 6,000 ದಿರ್ಹಮ್. ಸಿಂದಬಾದ್ ತನ್ನ ಮೊದಲ ಯಾನಕ್ಕೆ ಹೊರಟಾಗ ಕೈಯಲ್ಲಿದ್ದುದರ ಎರಡರಷ್ಟು. ಬಾಗಿಲ ಕಟ್ಟೆಯ ಮೇಲೆ ಹೊರೆಯಿಳಿಸಿ ಕುಳಿತಿದ್ದವನು ಮೊದಲ ದಿನದ ನೂರು ಮಿಸ್ಖಾಲಿನಲ್ಲೇ ನಿಸಾಬಿನ ಐದರಷ್ಟು ಪಡೆದನು. ವರ್ಷ ತುಂಬಿದರೆ ಅವನೂ ಝಕಾತ್ ಕೊಡಬೇಕಾದವನು. ಕಷ್ಟಪಟ್ಟೆ, ಆದ್ದರಿಂದ ಶ್ರೀಮಂತನಾದೆ ಎಂಬ ಸಿಂದಬಾದನ ಮಾತು ಹಮಾಲಿಯ ಪ್ರಶ್ನೆಗೆ ಉತ್ತರವಾಗಲಿಲ್ಲ, ಏಕೆಂದರೆ ಅವನೂ ಕಷ್ಟಪಟ್ಟವನೇ. ಉತ್ತರ ಇದ್ದದ್ದು ಮನೆಯೊಡೆಯನು ಬಾಗಿಲು ತೆರೆದದ್ದರಲ್ಲಿ, ದೂರನ್ನು ಸಿಟ್ಟಾಗದೆ ಎರಡು ಬಾರಿ ಕೇಳಿದ್ದರಲ್ಲಿ, ತನ್ನ ಹೆಸರಿನವನನ್ನೇ ತನ್ನ ಪಕ್ಕದಲ್ಲಿ ಕೂರಿಸಿ ಉಣಿಸಿದ್ದರಲ್ಲಿ.

ನಮ್ಮ ಮಕ್ಕಳಿಗೆ ಸಿಂದಬಾದನ ಕಥೆಯನ್ನು ಹೇಳುವಾಗ ಹಮಾಲಿಯನ್ನೂ ಬಿಡದೆ ಹೇಳೋಣ. ಸಮುದ್ರದಲ್ಲಿ ಹೆಸರಿಲ್ಲದೆ ಉಳಿದವರಿಗೂ, ಪರದೇಶದಲ್ಲಿ ಕಣ್ಮುಚ್ಚಿದ ನಮ್ಮ ಸಹೋದರರಿಗೂ ಅಲ್ಲಾಹನು ಮಗ್ಫಿರತ್ ನೀಡಲಿ. ದಾರಿ ಕಾಯುತ್ತಿರುವ ಮನೆಗಳಿಗೆ ನೆಮ್ಮದಿಯನ್ನು ಕರುಣಿಸಲಿ. ಆಮೀನ್.